ಹೋಗಿ ಬರ್ತೇನೆ ಎನ್ನಲು ಕಲಿತ ಯಂತ್ರಗಳು

ಕನ್ನಡದ ಮನೆಗಳಲ್ಲಿ ಹೊರಡುವವರು ‘ಹೋಗ್ತೇನೆ’ ಎನ್ನುವುದು ಕಡಿಮೆ, ‘ಹೋಗಿ ಬರ್ತೇನೆ’ ಎನ್ನುತ್ತಾರೆ. ನಾನಿರುವ ಡೊಂಬಿವಲಿಯ ಮರಾಠಿ ನೆರೆಹೊರೆಯವರು ಇನ್ನೂ ಒಂದು ಹೆಜ್ಜೆ ಮುಂದೆ. ಹೊಸ್ತಿಲು ದಾಟುತ್ತ ಗಂಡಸರು ‘ಯೇತೋ’ ಎಂದೂ ಹೆಂಗಸರು ‘ಯೇತೇ’ ಎಂದೂ ಹೇಳುತ್ತಾರೆ. ಎರಡಕ್ಕೂ ‘ಬರ್ತೇನೆ’ ಎಂದೇ ಅರ್ಥ. ಹೋಗುವುದರ ಸುದ್ದಿಯೇ ಇಲ್ಲ. ಅಶುಭವನ್ನು ಬಾಯಲ್ಲಿ ಆಡಬಾರದೆಂಬ ಎಚ್ಚರ ಇದಕ್ಕೆ ಕಾರಣ ಎಂದು ಭಾಷಾವಿಜ್ಞಾನದ ತರಗತಿಯಲ್ಲಿ ಓದಿದ್ದೆ. ಅದು ನಿಜವೇ. ಆದರೆ ಆ ಮಾತು ಮನೆಯವರಿಗೆ ಮಾಹಿತಿಯನ್ನೂ ಕೊಡುತ್ತದೆ: ಈಗ ಸ್ವಲ್ಪ ಹೊತ್ತು ನಾನಿರುವುದಿಲ್ಲ, ನನ್ನ ಪಾಲಿನ ಕೆಲಸ ನೋಡಿಕೊಳ್ಳಿ, ಊಟ ಎತ್ತಿಡಿ, ಹುಡುಕಲು ಹೊರಡಬೇಡಿ. ಹೇಳದೆ ಹೋದವರ ಮನೆಯ ಕಥೆ ಬೇರೆ. ಸ್ವಲ್ಪ ಹೊತ್ತು ಕಾಯುತ್ತಾರೆ, ಫೋನ್ ಮಾಡುತ್ತಾರೆ, ಕೊನೆಗೆ ಉಳಿದವರೆಲ್ಲ ತಮ್ಮ ಕೆಲಸ ಬಿಟ್ಟು ಹುಡುಕಲು ಓಡುತ್ತಾರೆ.

ಅನುವಾದ ನನ್ನ ಹೊಟ್ಟೆಪಾಡು. ಕಥೆ ಕಾದಂಬರಿಗಳ ನಡುವೆ ತಾಂತ್ರಿಕ ಬರಹಗಳೂ ಬರುತ್ತವೆ. ಅವುಗಳಲ್ಲಿ ಮತ್ತೆ ಮತ್ತೆ ಎದುರಾಗುವ ಒಂದು ಮಾತು ‘ಗ್ರೇಸ್‌ಫುಲ್ ಶಟ್‌ಡೌನ್’. ‘ಸುಗಮ ಸ್ಥಗಿತ’ ಎಂದು ಬರೆದರೆ ಪದಕ್ಕೆ ಪದ ಕೂತೀತು, ಅರ್ಥ ಮಾತ್ರ ಕೂರುವುದಿಲ್ಲ. ಒಟ್ಟಿಗೆ ದುಡಿಯುವ ನೂರಾರು ಕಂಪ್ಯೂಟರುಗಳಲ್ಲಿ ಒಂದು, ಉಳಿದವಕ್ಕೆ ಹೇಳಿ, ಕೈಯಲ್ಲಿರುವ ಕೆಲಸ ಮುಗಿಸಿ, ಲೆಕ್ಕ ಒಪ್ಪಿಸಿ ಹೊರಡುವುದು. ಆಮೇಲೆ ಮರಳಿ ಬಂದು ಗುಂಪಿಗೆ ಸೇರುವುದು. ‘ಹೋಗಿ ಬರ್ತೇನೆ’ ಎಂಬ ಎರಡೇ ಪದಗಳಲ್ಲಿ ನಾವು ಹೇಳುವ ಇದನ್ನು ಯಂತ್ರಗಳಿಗೆ ಕಲಿಸಲು ಎಂಜಿನಿಯರುಗಳಿಗೆ ಸುಮಾರು ಇಪ್ಪತ್ತು ವರ್ಷ ಬೇಕಾಯಿತು. ಆ ಚರಿತ್ರೆಯ ಒಂದು ಎಳೆ ನಾವು ಊರಿಗೆ ಹೋಗಲು ಕಾಯ್ದಿರಿಸುವ ರೈಲು ಟಿಕೆಟ್ಟಿನಲ್ಲಿದೆ. ಇನ್ನೊಂದು ಎಳೆ ಠಾಣೆ–ಕಲ್ಯಾಣದ ಹಳಿಗಳ ಮೇಲೂ ತಂತಿಗಳಲ್ಲೂ ಇದೆ.

ಗಲ್ಲಾಪೆಟ್ಟಿಗೆ

ಮೊದಲು ‘ಕ್ಯಾಶ್’ ಎಂದರೇನು ನೋಡೋಣ. ಕನ್ನಡ ಲಿಪಿಯಲ್ಲಿ ಬರೆದರೆ ಇದೂ ಹಣದ ಕ್ಯಾಶೂ ಒಂದೇ. ಮೂಲ ಮಾತ್ರ ಬೇರೆ ಬೇರೆ: ಹಣದ ಕ್ಯಾಶ್ ಪೆಟ್ಟಿಗೆ ಎಂಬ ಅರ್ಥದ ಫ್ರೆಂಚ್ ಪದದಿಂದ ಬಂದದ್ದು, ಕಂಪ್ಯೂಟರಿನ ಕ್ಯಾಶ್ ಅಡಗಿಸು ಎಂಬ ಅರ್ಥದ ಫ್ರೆಂಚ್ ಕ್ರಿಯಾಪದದಿಂದ. ಆದರೂ ಈ ಗೊಂದಲದಿಂದ ನಮಗೆ ಉಪಕಾರವೇ ಆಗುತ್ತದೆ. ಡೊಂಬಿವಲಿಯ ಯಾವುದೇ ಉಡುಪಿ ಹೋಟೆಲಿನ ಗಲ್ಲಾಪೆಟ್ಟಿಗೆಯನ್ನು ನೆನೆಯಿರಿ. ಹಣವೆಲ್ಲ ಬ್ಯಾಂಕಿನಲ್ಲಿದೆ. ಆದರೆ ಒಬ್ಬೊಬ್ಬ ಗಿರಾಕಿಗೂ ಚಿಲ್ಲರೆ ಕೊಡಲು ಬ್ಯಾಂಕಿಗೆ ಓಡಲಾಗುವುದಿಲ್ಲ. ಆದ್ದರಿಂದ ದಿನಕ್ಕೆ ಬೇಕಾದಷ್ಟು ಕೈಗೆಟುಕುವಲ್ಲಿ ಇರುತ್ತದೆ. ಕಂಪ್ಯೂಟರಿನಲ್ಲಿ ಡೇಟಾಬೇಸ್ ಎಂಬುದು ಬ್ಯಾಂಕು. ನಂಬಿಕಸ್ಥ, ಆದರೆ ನಿಧಾನ. ಕ್ಯಾಶ್ ಎಂಬುದು ಗಲ್ಲಾ. ಪದೇಪದೇ ಕೇಳುವ ಮಾಹಿತಿಯ ಪ್ರತಿಯನ್ನು ವೇಗದ ಮೆಮೊರಿಯಲ್ಲಿ ಇಟ್ಟುಕೊಂಡಿರುತ್ತದೆ.

ಈ ಉಪಾಯವನ್ನು ಕೇಂಬ್ರಿಡ್ಜ್‌ನ ಮಾರಿಸ್ ವಿಲ್ಕ್ಸ್ 1965ರಲ್ಲಿ ವಿವರಿಸಿದಾಗ ‘ಗುಲಾಮ ಮೆಮೊರಿ’ ಎಂಬರ್ಥದ ಹೆಸರು ಕೊಟ್ಟಿದ್ದರು. 1968ರಲ್ಲಿ ಐಬಿಎಂನ ಸಿಸ್ಟಂ/360 ಮಾಡೆಲ್ 85 ಯಂತ್ರದ ಬಗೆಗಿನ ಲೇಖನ ಅಚ್ಚಾಗುವಾಗ ಕ್ಯಾಶ್ ಎಂಬ ಹೆಸರು ಬಂತು, ಅದೇ ಉಳಿಯಿತು. ಆಗ ಅದು ಒಂದೇ ಯಂತ್ರದ ಹೊಟ್ಟೆಯೊಳಗಿನ ಸಂಗತಿ. ಯಂತ್ರ ಆರಿಸಿದರೆ ಕ್ಯಾಶೂ ಆರಿತು, ಹಚ್ಚಿದರೆ ಮತ್ತೆ ತುಂಬಿತು. ಯಾರಿಗೂ ‘ಹೋಗಿ ಬರ್ತೇನೆ’ ಎನ್ನುವ ಪ್ರಶ್ನೆಯೇ ಇರಲಿಲ್ಲ.

ಬಡಿಸುವವರಲ್ಲಿ ಒಬ್ಬರು ಎದ್ದು ಹೋದಾಗ

ಅಂತರ್ಜಾಲ ಬೆಳೆದ ಮೇಲೆ ಒಂದು ಗಲ್ಲಾ ಸಾಲಲಿಲ್ಲ. 2003ರಲ್ಲಿ ಅಮೆರಿಕದ ಬ್ರಾಡ್ ಫಿಟ್ಜ್‌ಪ್ಯಾಟ್ರಿಕ್ ತಮ್ಮ ಲೈವ್‌ಜರ್ನಲ್ ಎಂಬ ತಾಣಕ್ಕಾಗಿ ‘ಮೆಮ್‌ಕ್ಯಾಶ್‌ಡಿ’ ಎಂಬ ತಂತ್ರಾಂಶ ಬರೆದರು. ಹಲವು ಸರ್ವರುಗಳಲ್ಲಿ ಖಾಲಿ ಉಳಿದ ಮೆಮೊರಿಯನ್ನೆಲ್ಲ ಸೇರಿಸಿ ಒಂದೇ ದೊಡ್ಡ ಕ್ಯಾಶ್ ಮಾಡುವ ಉಪಾಯ ಅದು. ಇಂಥ ಗುಂಪಿಗೆ ಕ್ಲಸ್ಟರ್ ಎನ್ನುತ್ತಾರೆ, ಅದರ ಒಂದೊಂದು ಸರ್ವರಿಗೆ ನೋಡ್ ಎನ್ನುತ್ತಾರೆ.

ಯಾವ ಮಾಹಿತಿ ಯಾವ ನೋಡ್‌ನಲ್ಲಿದೆ ಎಂದು ತಿಳಿಯುವುದು ಹೇಗೆ? ಸರಳ ದಾರಿ ಭಾಗಾಕಾರ. ಮಾಹಿತಿಯ ಹೆಸರನ್ನು ಒಂದು ಸಂಖ್ಯೆಯಾಗಿ ಮಾರ್ಪಡಿಸಿ, ನೋಡ್‌ಗಳ ಸಂಖ್ಯೆಯಿಂದ ಭಾಗಿಸಿ, ಉಳಿದ ಶೇಷವೇ ನೋಡ್‌ನ ನಂಬರು. 10 ನೋಡ್ ಇರುವ ತನಕ ಚೆನ್ನಾಗಿಯೇ ನಡೆಯುತ್ತದೆ. ದುರಸ್ತಿಗೆಂದು ಒಂದನ್ನು ನಿಲ್ಲಿಸಿದಿರಿ ಎನ್ನೋಣ. ಈಗ ಭಾಗಿಸಬೇಕಾದದ್ದು 9ರಿಂದ. ಹತ್ತರಲ್ಲಿ ಒಂಬತ್ತು ಪಾಲು ಮಾಹಿತಿಯ ವಿಳಾಸ ಒಮ್ಮೆಗೇ ತಪ್ಪುತ್ತದೆ. ಹೋದದ್ದು ಒಂದು ನೋಡ್, ಕಳೆದುಹೋದದ್ದು ಹೆಚ್ಚುಕಡಿಮೆ ಇಡೀ ಕ್ಯಾಶ್. ಆ ಪ್ರಶ್ನೆಗಳೆಲ್ಲ ಡೇಟಾಬೇಸಿನ ಬಾಗಿಲಿಗೆ ನುಗ್ಗುತ್ತವೆ.

ಇದಕ್ಕೆ ಪರಿಹಾರ ಅಷ್ಟರಲ್ಲಾಗಲೇ ಇತ್ತು. 1997ರಲ್ಲಿ ಎಂಐಟಿಯ ಡೇವಿಡ್ ಕಾರ್ಗರ್, ಟಾಮ್ ಲೈಟನ್, ಡೇನಿಯಲ್ ಲೂವಿನ್ ಮತ್ತಿತರರು ‘ಕನ್ಸಿಸ್ಟೆಂಟ್ ಹ್ಯಾಶಿಂಗ್’ ಎಂಬ ವಿಧಾನವನ್ನು ಪ್ರಕಟಿಸಿದ್ದರು. ಪಂಕ್ತಿಯ ಊಟ ಬಲ್ಲವರಿಗೆ ಇದು ಕಷ್ಟವಲ್ಲ. ಹತ್ತು ಜನ ಬಡಿಸುತ್ತಿದ್ದಾರೆ, ಒಬ್ಬೊಬ್ಬರಿಗೆ ಒಂದೊಂದು ಸಾಲು. ಒಬ್ಬರು ಕೈತೊಳೆಯಲು ಹೋದರೆ ಊಟಕ್ಕೆ ಕೂತ ಎಲ್ಲರನ್ನೂ ಎಬ್ಬಿಸಿ ಹೊಸದಾಗಿ ಕೂರಿಸುವುದಿಲ್ಲ. ಪಕ್ಕದ ಸಾಲಿನವರು ಆ ಸಾಲಿಗೂ ಬಡಿಸುತ್ತಾರೆ, ಅಷ್ಟೆ. ನೋಡ್‌ಗಳನ್ನು ಒಂದು ವೃತ್ತದ ಮೇಲೆ ಕೂರಿಸಿ, ಒಂದು ಹೋದಾಗ ಅದರ ಪಾಲು ಮಾತ್ರ ಮುಂದಿನದಕ್ಕೆ ಸೇರುವಂತೆ ಮಾಡಿದರು. ಹತ್ತರಲ್ಲಿ ಒಂದು ಹೋದರೆ ಕಳೆಯುವುದು ಹತ್ತರಲ್ಲಿ ಒಂದೇ ಪಾಲು. ಲೈಟನ್ ಮತ್ತು ಲೂವಿನ್ ಮುಂದೆ ಅಕಮೈ ಕಂಪನಿ ಕಟ್ಟಿದರು.

ಹೆಪ್ಪಿಲ್ಲದ ಹಾಲು

ಒಂದು ನೋಡ್ ಹೋದರೆ ನಷ್ಟ ಎಷ್ಟು ಎಂಬ ಲೆಕ್ಕ ಹೀಗೆ ಮುಗಿಯಿತು. ಮರಳಿ ಬರುವುದು ಹೇಗೆ ಎಂಬುದು ಉಳಿಯಿತು. ಈಗಷ್ಟೇ ಎದ್ದ ನೋಡ್ ಬದುಕಿರುತ್ತದೆ, ಆದರೆ ಬರಿದಾಗಿರುತ್ತದೆ. ಇದನ್ನು ತಣ್ಣನೆಯ ಕ್ಯಾಶ್ ಎನ್ನುತ್ತಾರೆ. ಅದನ್ನು ಕೇಳಿದ್ದಕ್ಕೆಲ್ಲ ‘ನನ್ನಲ್ಲಿಲ್ಲ’ ಎಂಬುದೇ ಉತ್ತರ, ಆಮೇಲೆ ಮತ್ತೆ ಡೇಟಾಬೇಸಿಗೆ ಓಟ.

ಅಂಥ ಓಟ ಎಲ್ಲಿಗೆ ಮುಟ್ಟಬಹುದೆಂದು 2010ರ ಸೆಪ್ಟೆಂಬರ್ 23ರಂದು ಜಗತ್ತು ಕಂಡಿತು. ಫೇಸ್‌ಬುಕ್ ಸುಮಾರು ಎರಡೂವರೆ ಗಂಟೆ ಬಿದ್ದುಹೋಯಿತು. ಒಂದು ತಪ್ಪು ಸಂರಚನಾ ಮೌಲ್ಯ ಸೇರಿಕೊಂಡಿತ್ತು. ಅದನ್ನು ಕಂಡ ಪ್ರತಿಯೊಂದು ಯಂತ್ರವೂ ಕ್ಯಾಶ್‌ನಲ್ಲಿದ್ದುದು ಕೆಟ್ಟಿದೆ ಎಂದು ಅಳಿಸಿ, ಸರಿಯಾದುದನ್ನು ತರಲು ಡೇಟಾಬೇಸಿಗೆ ಹೋಯಿತು. ಸೆಕೆಂಡಿಗೆ ಲಕ್ಷಗಟ್ಟಲೆ ಪ್ರಶ್ನೆಗಳು ಬಂದು ಡೇಟಾಬೇಸ್ ತತ್ತರಿಸಿತು. ಉತ್ತರ ಬಾರದಿದ್ದುದನ್ನೂ ಯಂತ್ರಗಳು ಕೆಟ್ಟ ಮೌಲ್ಯವೆಂದೇ ತಿಳಿದು ಮತ್ತೆ ಅಳಿಸಿದವು, ಮತ್ತೆ ಕೇಳಿದವು. ಮೂಲ ತಪ್ಪನ್ನು ತಿದ್ದಿದ ಮೇಲೂ ಸುಳಿ ನಿಲ್ಲಲಿಲ್ಲ. ಕೊನೆಗೆ ತಾಣವನ್ನೇ ಮುಚ್ಚಿ, ಡೇಟಾಬೇಸಿಗೆ ಉಸಿರಾಡಲು ಬಿಟ್ಟು, ಆಮೇಲೆ ಜನರನ್ನು ಸ್ವಲ್ಪ ಸ್ವಲ್ಪವಾಗಿ ಒಳಗೆ ಬಿಡಬೇಕಾಯಿತು.

2013ರಲ್ಲಿ ಅದೇ ಕಂಪನಿಯ ಎಂಜಿನಿಯರುಗಳು ಒಂದು ಪ್ರಬಂಧ ಪ್ರಕಟಿಸಿದರು. ಅದರಲ್ಲಿನ ಮೂರು ಸಂಗತಿ ನಮ್ಮ ವಿಷಯಕ್ಕೆ ಸೇರಿದವು. ಒಂದು, ಪ್ರತಿ ಕ್ಲಸ್ಟರಿನಲ್ಲಿ ಶೇ. 1ರಷ್ಟು ಯಂತ್ರಗಳನ್ನು ಬಿಡುವಾಗಿ ಇಡುವುದು. ಯಾವುದಾದರೂ ನೋಡ್ ಹೇಳದೆ ಹೋದರೆ ಅದರ ಕೆಲಸವನ್ನು ಇವು ತಾತ್ಕಾಲಿಕವಾಗಿ ಹೊರುತ್ತವೆ. ಎರಡು, ತಂತ್ರಾಂಶ ಬದಲಿಸಲು ನೋಡ್ ನಿಲ್ಲಿಸಿದಾಗ ಅದರ ಮೆಮೊರಿಯಲ್ಲಿರುವುದು ಅಳಿಯದಂತೆ ಬೇರೆ ಕಡೆ ಹಿಡಿದಿಡುವುದು. ಹಾಗೆ ಮಾಡುವ ಮೊದಲು ಒಂದು ತಂಡದ ಸರ್ವರುಗಳ ತಂತ್ರಾಂಶ ಬದಲಿಸಲು 12 ಗಂಟೆಗೂ ಹೆಚ್ಚು ಹಿಡಿಯುತ್ತಿತ್ತು. ಒಂದೊಂದೂ ತುಂಬಿಕೊಳ್ಳುವ ತನಕ ಕಾಯಬೇಕಲ್ಲ. ಮೂರು, ತಣ್ಣನೆಯ ಕ್ಲಸ್ಟರು ತನಗೆ ಬೇಕಾದುದನ್ನು ನೇರ ಡೇಟಾಬೇಸಿನಿಂದ ಕೇಳದೆ, ಈಗಾಗಲೇ ಬೆಚ್ಚಗಿರುವ ಇನ್ನೊಂದು ಕ್ಲಸ್ಟರಿನಿಂದ ಪಡೆಯುವುದು. ಇದು ಹೆಪ್ಪು ಹಾಕಿದ ಹಾಗೆ. ನಿನ್ನೆಯ ಮೊಸರಿನ ಒಂದು ಚಮಚ ಇದ್ದರೆ ಇಂದಿನ ಹಾಲು ಬೇಗ ಮೊಸರಾಗುತ್ತದೆ. ಮನೆಯಲ್ಲಿ ಹೆಪ್ಪೇ ಇಲ್ಲದಿದ್ದರೆ ಪಕ್ಕದ ಮನೆಗೆ ಬಟ್ಟಲು ಹಿಡಿದು ಹೋಗಬೇಕು. ದಿನಗಟ್ಟಲೆ ಹಿಡಿಯುತ್ತಿದ್ದ ಕೆಲಸ ಇದರಿಂದ ಕೆಲವು ಗಂಟೆಗಳಿಗೆ ಇಳಿಯಿತು.

ಕೊನೆಗೆ ಬೀಗ ಹಾಕಿದವರು

ಈಗ ರೈಲು ಟಿಕೆಟ್ಟಿಗೆ ಬರೋಣ. ಐಆರ್‌ಸಿಟಿಸಿಯ ಅಂತರ್ಜಾಲ ಬುಕಿಂಗ್ ಶುರುವಾದದ್ದು 2002ರ ಆಗಸ್ಟ್‌ನಲ್ಲಿ. ಹಿಂದಿನ ಯಂತ್ರಾಂಗವನ್ನು ಕಟ್ಟಿ ನಡೆಸುವುದು ರೈಲ್ವೆಯ ಮಾಹಿತಿ ತಂತ್ರಜ್ಞಾನ ಸಂಸ್ಥೆ ಕ್ರಿಸ್, 1986ರಲ್ಲಿ ಹುಟ್ಟಿದ್ದು. ಆ ದಿನಗಳಲ್ಲಿ ಬೆಳಗಿನ ತತ್ಕಾಲ್ ಹೊತ್ತಿಗೆ ತಾಣ ಉಸಿರುಗಟ್ಟುವುದು ಠಾಣೆಯಿಂದ ಮಂಗಳೂರಿಗೋ ಹುಬ್ಬಳ್ಳಿಗೋ ಕಲಬುರಗಿಗೋ ಹೋಗಬೇಕಾದವರಿಗೆಲ್ಲ ಗೊತ್ತಿದ್ದ ಸಂಗತಿ. 2014ರ ಆಗಸ್ಟ್‌ನಲ್ಲಿ ಆಗಿನ ರೈಲ್ವೆ ಸಚಿವ, ನಮ್ಮವರೇ ಆದ ಡಿ. ವಿ. ಸದಾನಂದ ಗೌಡರು ಹೊಸ ಪೀಳಿಗೆಯ ಇ-ಟಿಕೆಟ್ ವ್ಯವಸ್ಥೆಯನ್ನು ಉದ್ಘಾಟಿಸಿದರು. ನಿಮಿಷಕ್ಕೆ 2,000 ಟಿಕೆಟ್ ಇದ್ದ ಸಾಮರ್ಥ್ಯ 7,200ಕ್ಕೆ ಏರಿತು, ಒಮ್ಮೆಗೆ ಒಳಗಿರಬಹುದಾದವರ ಸಂಖ್ಯೆ 40,000ದಿಂದ 1,20,000ಕ್ಕೆ. ಈ ಏರಿಕೆಯ ಹಿಂದೆ ಇದ್ದದ್ದು ಹಂಚಿದ ಕ್ಯಾಶ್. ಅದರ ಹೆಸರು ಜೆಮ್‌ಫೈರ್. ಚೀನಾದ ರೈಲ್ವೆ ಟಿಕೆಟ್ ತಾಣವೂ ಅದನ್ನೇ ಬಳಸಿತು.

ಜೆಮ್‌ಫೈರ್ ಅನ್ನು ರೂಪಿಸಿದ್ದು ಅಮೆರಿಕದ ಜೆಮ್‌ಸ್ಟೋನ್ ಸಿಸ್ಟಮ್ಸ್ ಎಂಬ ಕಂಪನಿ. 2010ರಲ್ಲಿ ಅದು ವಿಎಂವೇರ್ ಪಾಲಾಯಿತು. ತಂತ್ರಾಂಶದ ಮೂಲವನ್ನು 2015ರಲ್ಲಿ ಮುಕ್ತವಾಗಿ ಬಿಡುಗಡೆ ಮಾಡಿದರು. ಅಪಾಚೆ ಜಿಯೋಡ್ ಎಂಬ ಹೆಸರಿನಲ್ಲಿ ಯಾರು ಬೇಕಾದರೂ ಓದಬಹುದು. ಮೆಮ್‌ಕ್ಯಾಶ್‌ಡಿಗೂ ಇದಕ್ಕೂ ಮುಖ್ಯ ವ್ಯತ್ಯಾಸವೆಂದರೆ, ಇಲ್ಲಿ ನೋಡ್‌ಗಳು ಪರಸ್ಪರ ಬಲ್ಲವು. ಒಂದೇ ಮಾಹಿತಿಯ ಪ್ರತಿಗಳು ಎರಡು ಮೂರು ಕಡೆ ಇರುತ್ತವೆ, ಬೇಕೆಂದರೆ ಡಿಸ್ಕಿಗೂ ಬರೆದಿಡಬಹುದು. ಹೇಳಿ ಹೋದ ನೋಡ್‌ಗೂ ಸುಮ್ಮನೆ ಮಾಯವಾದ ನೋಡ್‌ಗೂ ಇಲ್ಲಿ ಭೇದವಿದೆ. ಹೇಳಿ ಹೋದರೆ ಉಳಿದವು ಕೂಡಲೇ ಪಟ್ಟಿ ತಿದ್ದಿಕೊಂಡು ಮುಂದುವರಿಯುತ್ತವೆ. ಮಾಯವಾದರೆ ಮೊದಲು ಅನುಮಾನ, ಆಮೇಲೆ ಸಾಮಾನ್ಯವಾಗಿ 5 ಸೆಕೆಂಡಿನ ಗಡುವು, ಕೊನೆಯ ವಿಚಾರಣೆ, ಅದಾದ ಮೇಲೆ ಉಚ್ಚಾಟನೆ. ನಿಮಿಷಕ್ಕೆ ಸಾವಿರಾರು ವಹಿವಾಟು ನಡೆಯುವಲ್ಲಿ 5 ಸೆಕೆಂಡೂ ದೀರ್ಘವೇ.

ಡಿಸ್ಕಿಗೆ ಬರೆಯುವುದರಿಂದ ನೋಡ್ ಬರಿದಾಗಿ ಮರಳುವ ತೊಂದರೆ ತಪ್ಪಿತು. ಆದರೆ ಹೊಸದೊಂದು ಸಮಸ್ಯೆ ಹುಟ್ಟಿತು: ಮರಳಿ ಬಂದವರಲ್ಲಿ ಯಾರ ಮಾತು ನಿಜ? ಹೋಟೆಲಿನ ಲೆಕ್ಕದಿಂದಲೇ ನೋಡೋಣ. ಇಬ್ಬರು ಪಾಲುದಾರರು, ಇಬ್ಬರ ಕೈಯಲ್ಲೂ ಒಂದೊಂದು ಖಾತೆ ಪುಸ್ತಕ, ಪ್ರತಿ ವಹಿವಾಟನ್ನೂ ಇಬ್ಬರೂ ಬರೆಯುತ್ತಾರೆ. ರಾತ್ರಿ ಹತ್ತಕ್ಕೆ ಒಬ್ಬರು ಮನೆಗೆ ಹೋದರು. ಇನ್ನೊಬ್ಬರು ಹನ್ನೊಂದರವರೆಗೆ ವ್ಯಾಪಾರ ಮಾಡಿ ಬೀಗ ಹಾಕಿದರು. ಮರುದಿನ ಮೊದಲಿನವರೇ ಬೇಗ ಬಂದು ತಮ್ಮ ಪುಸ್ತಕ ನೋಡಿ ಲೆಕ್ಕ ಶುರುಮಾಡಿದರೆ ಒಂದು ಗಂಟೆಯ ವ್ಯಾಪಾರ ಇಲ್ಲವೇ ಇಲ್ಲ ಎಂದಾಗುತ್ತದೆ. ಅವರು ಸುಳ್ಳು ಹೇಳುತ್ತಿಲ್ಲ. ಅವರ ಪುಸ್ತಕ ಪ್ರಾಮಾಣಿಕವೇ, ಹಳೆಯದು ಅಷ್ಟೆ. ಸತ್ಯ ಇರುವುದು ಕೊನೆಗೆ ಬೀಗ ಹಾಕಿದವರ ಕೈಯಲ್ಲಿ.

ಜಿಯೋಡ್ ಇದನ್ನು ಹೀಗೆ ಬಗೆಹರಿಸಿಕೊಂಡಿದೆ. ಪ್ರತಿ ನೋಡ್ ತನ್ನ ಡಿಸ್ಕಿನಲ್ಲಿ ಮಾಹಿತಿಯ ಜೊತೆಗೆ, ಜೊತೆಗಾರರಲ್ಲಿ ಯಾರು ಇದ್ದರು, ಯಾರು ಹೋದರು ಎಂಬುದನ್ನೂ ಬರೆದಿಡುತ್ತದೆ. ಬೇಗ ಹೋದ ನೋಡ್ ಮೊದಲು ಎದ್ದರೆ ಅದು ಬಾಗಿಲು ತೆರೆಯುವುದಿಲ್ಲ. ನನ್ನ ಮಾಹಿತಿ ಹಳೆಯದಿರಬಹುದು, ಇಂಥವರಿಗಾಗಿ ಕಾಯುತ್ತಿದ್ದೇನೆ ಎಂದು ತಿಳಿಸಿ ಕೂರುತ್ತದೆ. ನೋಡ್‌ಗಳನ್ನು ಒಂದರ ನಂತರ ಒಂದನ್ನು ಹೀಗೆ ಎಬ್ಬಿಸುತ್ತ ಹೋದ ಹೊಸಬರು ಮೊದಲನೆಯದೇ ನಿಂತುಬಿಟ್ಟಿತಲ್ಲ ಎಂದು ಕಂಗಾಲಾಗುವುದು ಇಲ್ಲಿಯೇ. ಅದು ಕೆಟ್ಟಿಲ್ಲ, ಕಾಯುತ್ತಿದೆ. ಆದ್ದರಿಂದಲೇ ಡಿಸ್ಕಿಗೆ ಬರೆಯುವ ನೋಡ್‌ಗಳನ್ನೆಲ್ಲ ಒಟ್ಟಿಗೇ ಎಬ್ಬಿಸಬೇಕೆಂಬ ನಿಯಮ.

ಇನ್ನೂ ಒಳ್ಳೆಯದೆಂದರೆ ಮುಚ್ಚುವಾಗಲೇ ಸರಿಯಾಗಿ ಮುಚ್ಚುವುದು. ಒಂದೊಂದನ್ನೇ ಕತ್ತು ಹಿಸುಕದೆ, ಇಡೀ ಕ್ಲಸ್ಟರಿಗೆ ಒಂದೇ ಆಜ್ಞೆ ಕೊಟ್ಟರೆ ಎಲ್ಲ ನೋಡ್‌ಗಳೂ ಪುಸ್ತಕಗಳನ್ನು ತಾಳೆ ನೋಡಿಕೊಂಡು ಒಟ್ಟಿಗೆ ನಿಲ್ಲುತ್ತವೆ. ಮರುದಿನ ಯಾರು ಯಾರಿಗೂ ಕಾಯಬೇಕಿಲ್ಲ. ಯಾರೆಲ್ಲಿದ್ದಾರೆ ಎಂದು ಹೇಳುವ ‘ಲೊಕೇಟರ್’ಗಳು ಮಾತ್ರ ಕೊನೆಗೆ ಮಲಗಿ ಮೊದಲು ಏಳಬೇಕು, ಮನೆಯ ಹಿರಿಯರ ಹಾಗೆ. ಕೊನೆಗೆ ಬೀಗ ಹಾಕಿದ ನೋಡ್‌ನ ಡಿಸ್ಕೇ ಸುಟ್ಟುಹೋದರೆ? ಆಗ ಯಂತ್ರ ತಾನಾಗಿ ತೀರ್ಮಾನಿಸುವುದಿಲ್ಲ. ಅವರು ಇನ್ನು ಬರುವುದಿಲ್ಲ, ಇರುವುದರಿಂದಲೇ ಶುರುಮಾಡು ಎಂದು ಒಬ್ಬ ಮನುಷ್ಯ ಆಜ್ಞೆ ಕೊಡಬೇಕು. ನಷ್ಟವನ್ನು ಒಪ್ಪಿಕೊಳ್ಳುವ ಹೊಣೆಯನ್ನು ಇಲ್ಲಿ ಮನುಷ್ಯನಿಗೇ ಬಿಟ್ಟಿದ್ದಾರೆ.

ಹಳಿಯವರ ಹಳೆಯ ಪಾಠ

ಇಷ್ಟನ್ನೂ ಕಂಪ್ಯೂಟರಿನವರು ಮೊದಲು ಕಂಡುಕೊಂಡರೆಂದು ಹೇಳುವಂತಿಲ್ಲ. 1853ರ ಏಪ್ರಿಲ್ 16ರಂದು ಬೋರಿಬಂದರಿನಿಂದ ಠಾಣೆಗೆ ರೈಲು ಓಡಿತು, ಮರುವರ್ಷ ಕಲ್ಯಾಣ ಮುಟ್ಟಿತು. ಅಂದಿನಿಂದ ಇಲ್ಲಿಯ ಸಮಸ್ಯೆ ಒಂದೇ: ಓಡುತ್ತಿರುವುದನ್ನು ನಿಲ್ಲಿಸದೆ ರಿಪೇರಿ ಮಾಡುವುದು ಹೇಗೆ? ಇದಕ್ಕೆ ಸಿಕ್ಕ ಉತ್ತರ ಬ್ಲಾಕ್. ಭಾನುವಾರದ ಮೆಗಾಬ್ಲಾಕಿನ ಪ್ರಕಟಣೆ ನಮ್ಮ ಕಡೆಯವರಿಗೆ ಪಂಚಾಂಗವಿದ್ದಂತೆ. ಸ್ಲೋ ಹಳಿ ಮುಚ್ಚಿದರೆ ಗಾಡಿಗಳು ಫಾಸ್ಟ್ ಹಳಿಗೆ ತಿರುಗುತ್ತವೆ. ಯಾವ ನಿಲ್ದಾಣದಲ್ಲಿ ನಿಲ್ಲುವುದಿಲ್ಲ ಎಂದು ಮುಂಚೆಯೇ ಹೇಳುತ್ತಾರೆ. ಠಾಣೆ–ದಿವಾ ಐದನೇ ಮತ್ತು ಆರನೇ ಹಳಿಗಳಿಗಾಗಿ 2022ರ ಫೆಬ್ರವರಿಯಲ್ಲಿ 72 ಗಂಟೆಗಳ ಬ್ಲಾಕ್ ತೆಗೆದುಕೊಂಡಿದ್ದರು.

ತಂತಿಯ ಮೇಲೆ ಕೆಲಸವಿದ್ದರೆ ನಿಯಮ ಇನ್ನೂ ಬಿಗಿ. ವಿದ್ಯುತ್ ಕಡಿದಾಗಿದೆ ಎಂದು ಬರವಣಿಗೆಯಲ್ಲಿ ಪರವಾನಗಿ ಕೈಗೆ ಬರಬೇಕು. ಕೆಲಸ ಮುಗಿದ ಮೇಲೆ ಜನರನ್ನೂ ಸಲಕರಣೆಯನ್ನೂ ತೆಗೆದು ಆ ಪರವಾನಗಿ ಹಿಂದಿರುಗಿಸುವ ತನಕ ತಂತಿಗೆ ವಿದ್ಯುತ್ ಹರಿಯುವಂತಿಲ್ಲ. ಇಲ್ಲಿಯೂ ಲೆಕ್ಕ ಮುಗಿಸಿದವರು ಬಂದು ಹೇಳುವವರೆಗೆ ಬಾಗಿಲು ತೆರೆಯುವುದಿಲ್ಲ. ವ್ಯತ್ಯಾಸವೆಂದರೆ ಇಲ್ಲಿ ಅವಸರಕ್ಕೆ ತೆರುವುದು ಹಳೆಯ ಮಾಹಿತಿಯಲ್ಲ, ಪ್ರಾಣ.

ಇದೇ ಹಳಿಗಳ ಮೇಲೆ ನಡೆದ ದೊಡ್ಡ ಬದಲಾವಣೆ ವಿದ್ಯುತ್ತಿನದು. 1925ರಿಂದ ಮುಂಬಯಿಯ ಲೋಕಲ್‌ಗಳು 1,500 ವೋಲ್ಟ್ ಡಿಸಿಯಲ್ಲಿ ಓಡುತ್ತಿದ್ದವು. ಅದನ್ನು 25,000 ವೋಲ್ಟ್ ಎಸಿಗೆ ಬದಲಿಸಬೇಕಿತ್ತು. ಲಕ್ಷಾಂತರ ಜನ ದಿನವೂ ಓಡಾಡುವ ಮಾರ್ಗವನ್ನು ಒಂದು ವರ್ಷ ಮುಚ್ಚಲು ಸಾಧ್ಯವೇ? ತುಂಡು ತುಂಡಾಗಿ, ರಾತ್ರಿಗಳಲ್ಲಿ, ಭಾನುವಾರಗಳಲ್ಲಿ ಬದಲಿಸುತ್ತ ಬಂದರು. ಅದು ಮುಗಿಯುವ ತನಕ ಎರಡೂ ಬಗೆಯ ವಿದ್ಯುತ್ತಿನಲ್ಲಿ ಓಡಬಲ್ಲ ಗಾಡಿಗಳು ಸೇತುವೆಯಾದವು. ಮಧ್ಯ ರೈಲ್ವೆಯ ಮುಖ್ಯ ಮಾರ್ಗದಲ್ಲಿ ಈ ಕೆಲಸ 2015ರಲ್ಲಿ ಮುಗಿಯಿತು. ಹಾರ್ಬರ್ ಮಾರ್ಗದ ಕೊನೆಯ ಡಿಸಿ ಲೋಕಲ್ ಓಡಿದ್ದು 2016ರ ಏಪ್ರಿಲ್‌ನಲ್ಲಿ. ಕ್ಲಸ್ಟರಿನ ತಂತ್ರಾಂಶ ಬದಲಿಸುವವರೂ ಇದನ್ನೇ ಮಾಡುತ್ತಾರೆ: ಮೊದಲು ಲೊಕೇಟರ್‌ಗಳು, ಆಮೇಲೆ ಒಂದೊಂದೇ ನೋಡ್, ಕೊನೆಯದು ಬದಲಾಗುವ ತನಕ ಹೊಸ ನೋಡ್‌ಗಳು ಹಳೆಯ ಭಾಷೆಯಲ್ಲೂ ಮಾತಾಡುತ್ತವೆ.

ಒಂದು ಸೋಮವಾರ

ಆದರೆ ಹೇಳಿ ಹೋದರೆ ಮಾತ್ರ ಸಾಲದು, ಉಳಿದವರು ತಾಳಬಲ್ಲರೇ ಎಂದೂ ನೋಡಬೇಕು. ಇದಕ್ಕೂ ಉದಾಹರಣೆ ನಮ್ಮಲ್ಲೇ ಇದೆ. 2020ರ ಅಕ್ಟೋಬರ್ 12, ಸೋಮವಾರ ಬೆಳಗ್ಗೆ ಹತ್ತರ ಸುಮಾರಿಗೆ ಮುಂಬಯಿ, ಠಾಣೆ, ನವಿ ಮುಂಬಯಿಗಳ ಬಹುಭಾಗ ಕತ್ತಲಾಯಿತು. ಲೋಕಲ್‌ಗಳು ಹಳಿಯ ಮೇಲೇ ನಿಂತವು. ಕೋವಿಡ್ ಕಾಲ, ಆಸ್ಪತ್ರೆಗಳಲ್ಲಿ ಜನರೇಟರುಗಳ ಮೇಲೆ ಎಲ್ಲರ ಕಣ್ಣು. ಕಳವಾ–ಪಡ್ಘಾ ನಡುವಿನ 400 ಕಿಲೋವೋಲ್ಟ್ ಜಾಲದಲ್ಲಿ ಮೊದಲ ಸರ್ಕ್ಯೂಟು ನಿರ್ವಹಣೆಯಲ್ಲಿತ್ತು, ಹೊರೆಯೆಲ್ಲ ಎರಡನೆಯದರ ಮೇಲಿತ್ತು, ಎರಡನೆಯದರಲ್ಲಿ ದೋಷ ಕಾಣಿಸಿತು ಎಂದು ಆಗಿನ ಇಂಧನ ಸಚಿವ ನಿತಿನ್ ರಾವುತ್ ಅಂದು ಹೇಳಿದರು. ಮುಂದೆ ಸೈಬರ್ ದಾಳಿಯ ಶಂಕೆಯೂ ಸುದ್ದಿಯಾಯಿತು, ಕೇಂದ್ರದ ಇಂಧನ ಸಚಿವರು ಅದನ್ನು ಅಲ್ಲಗಳೆದರು. ಏನೇ ಇರಲಿ, ಮೊದಲ ಸರ್ಕ್ಯೂಟು ಹೇಳಿಯೇ ಹೋಗಿತ್ತು. ಅದು ಇಲ್ಲದಾಗ ಇನ್ನೊಂದೂ ಹೋದರೆ ಏನು ಎಂಬ ಪ್ರಶ್ನೆಗೆ ಆ ದಿನ ಉತ್ತರವಿರಲಿಲ್ಲ.

ಕ್ಲಸ್ಟರಿನಲ್ಲಿ ಒಂದು ನೋಡ್ ನಿಲ್ಲಿಸುವ ಮೊದಲು ಕೇಳಬೇಕಾದ ಪ್ರಶ್ನೆಯೂ ಅದೇ. ಉಳಿದವುಗಳಲ್ಲಿ ಇದರ ಪ್ರತಿಗಳೆಲ್ಲ ಇವೆಯೇ, ಉಳಿದವು ಈ ಹೊರೆಯ ಮೇಲೆ ಇನ್ನೊಂದು ಪೆಟ್ಟನ್ನೂ ತಾಳುತ್ತವೆಯೇ? ಇದನ್ನು ನೋಡದೆ ಒಂದನ್ನು ನಿಲ್ಲಿಸಿ, ಅದು ಪೂರ್ತಿ ಮರಳುವ ಮುನ್ನವೇ ಮುಂದಿನದಕ್ಕೆ ಕೈ ಹಾಕಿದರೆ, ಎರಡೂ ಪ್ರತಿ ಒಟ್ಟಿಗೆ ಇಲ್ಲದ ಗಳಿಗೆಯೊಂದು ಬಂದೇ ಬರುತ್ತದೆ.

ಐರೋಲಿ, ರಬಾಳೆ, ಮಹಾಪೆಗಳಲ್ಲಿ ಹಿಂದೆ ರಾಸಾಯನಿಕ ಕಾರ್ಖಾನೆಗಳಿದ್ದ ಠಾಣೆ–ಬೇಲಾಪುರ ರಸ್ತೆಯ ಪಟ್ಟಿಯಲ್ಲಿ ಈಗ ಡೇಟಾ ಸೆಂಟರುಗಳು ಸಾಲಾಗಿ ಎದ್ದಿವೆ. ಎಂದೂ ನಿಲ್ಲುವುದಿಲ್ಲ ಎಂಬುದೇ ಈ ಧಂದೆಯ ಜಾಹೀರಾತು. ಎಂದೂ ನಿಲ್ಲಿಸದ ಯಂತ್ರವನ್ನು ಮತ್ತೆ ಶುರುಮಾಡಲು ಬರುತ್ತದೆಯೇ ಎಂದು ಯಾರಿಗೂ ಗೊತ್ತಿರುವುದಿಲ್ಲ, ಅದನ್ನು ನಿಲ್ಲಿಸುವ ಕ್ರಮ ಬಲ್ಲವರು ಕೆಲಸ ಬಿಟ್ಟು ಹೋಗಿರುತ್ತಾರೆ. ನನಗೆ ಹೆಚ್ಚು ನಂಬಿಕೆ ಬರುವುದು ಹೇಳಿ ನಿಲ್ಲುವ ವ್ಯವಸ್ಥೆಗಳ ಮೇಲೆ.

ಐಆರ್‌ಸಿಟಿಸಿ ಪ್ರತಿ ರಾತ್ರಿ 11:45ರಿಂದ 12:20ರವರೆಗೆ ಬಾಗಿಲು ಮುಚ್ಚುತ್ತದೆ. ಅವಸರದಲ್ಲಿರುವವರು ಬೈದುಕೊಳ್ಳುತ್ತಾರೆ, ಆದರೆ ಯಾರೂ ಗಾಬರಿಯಾಗುವುದಿಲ್ಲ. 2021ರ ನವೆಂಬರ್‌ನಲ್ಲಿ ಕೋವಿಡ್ ಕಾಲದ ವಿಶೇಷ ರೈಲುಗಳನ್ನು ಹಳೆಯ ನಂಬರುಗಳಿಗೆ ಮರಳಿಸಬೇಕಿತ್ತು. ಹಳೆಯ ಬುಕಿಂಗ್‌ಗಳನ್ನೂ ಹೊಸವನ್ನೂ ಒಂದೂ ತಪ್ಪದಂತೆ ಸರಿಹೊಂದಿಸಬೇಕಿತ್ತು. ಏಳು ರಾತ್ರಿ, ರಾತ್ರಿ 11:30ರಿಂದ ಬೆಳಗ್ಗೆ 5:30ರವರೆಗೆ ಕಾಯ್ದಿರಿಸುವಿಕೆ ಇರುವುದಿಲ್ಲ, 139ರ ವಿಚಾರಣೆ ಮಾತ್ರ ಇರುತ್ತದೆ ಎಂದು ರೈಲ್ವೆ ಮುಂಚಿತವಾಗಿ ಪ್ರಕಟಿಸಿತು. ಎಷ್ಟು ಹೊತ್ತು ಇರುವುದಿಲ್ಲ, ಯಾವಾಗ ಬರುತ್ತೇವೆ, ಅಷ್ಟರವರೆಗೆ ಯಾರನ್ನು ಕೇಳಬೇಕು ಎಂಬ ಮೂರೂ ಆ ಪ್ರಕಟಣೆಯಲ್ಲಿದ್ದವು. ನಿಲ್ಲುವವರಿಂದ ಕೇಳಬೇಕಾದದ್ದು ಅಷ್ಟೇ.